ತಡವಾಗಿ ಬಂದ ಪಾಸ್

ಬ್ರಿಜ್ ಆಟದಲ್ಲಿ ಅವನ ಎದುರಾಳಿಯಾಗಿದ್ದ ಷಡ್ಡಕ "ನಾಲ್ಕು ಇಸ್ಪೇಟು" ಎಂದು ಕೂಗಿದ. ಅವನ ಜೊತೆಗಾರ್ತಿಯಾದ ಅವನ ಹೆಂಡತಿ ಎಲೆಯ ಅಂಚನ್ನು ಉಗುರಿನಿಂದ ಗೀರುತ್ತ ತುಂಬ ಹೊತ್ತು ತಡೆದು, "ಪಾಸ್" ಎಂದಳು. ನಾದಿನಿಯೂ ಪಾಸ್. ಈಗ ಅವನ ಸರದಿ.

ಅದಕ್ಕೂ ಮೇಲಿನ ಕೂಗು, "ಐದು ಆಟೀನು", ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿ ಹಿಂದೆಮುಂದೆ ನೋಡಿದಳೆಂದರೆ ಕೈಯಲ್ಲಿ ಏನೋ ಇದೆ. ಆದರೆ ಈ ಆಟದಲ್ಲಿ ಜೊತೆಗಾರರ ಕೂಗನ್ನಷ್ಟೇ ಕೇಳಬೇಕು, ತಡಮಾಡಿದ್ದಕ್ಕೆ ಅರ್ಥ ಹಚ್ಚಬಾರದು.

ಬೆಳಿಗ್ಗೆ "ನನ್ ಜೊತೆ ಇರೋಕೆ ಇಷ್ಟ ತಾನೇ?" ಎಂದು ಅವನು ಕೇಳಿದಾಗಲೂ ಅವಳು ಲೋಟದ ಅಂಚನ್ನು ಹೀಗೇ ಗೀರಿ, ಆಮೇಲೆ "ಹೂಂ" ಎಂದಿದ್ದಳು. ಅವನಿಗೆ ಆ ಹೂಂ ಮಾತ್ರ ಕೇಳಿಸಿತ್ತು. ಮದುವೆಯಾದಾಗಿನಿಂದ ಅದೇ ಅಭ್ಯಾಸ.

"ಏನ್ ಭಾವ, ಎಲೆಗೆ ಕಾವು ಕೊಡ್ತಿದ್ದೀರಾ?" ನಾದಿನಿ ನಕ್ಕಳು. ಅವನು "ಪಾಸ್" ಎಂದು ಎಲೆಗಳನ್ನು ಕವುಚಿಟ್ಟು, ಹೆಂಡತಿಯತ್ತ ಬಾಗಿ ಮೆಲ್ಲಗೆ ಕೇಳಿದ: "ಬೆಳಿಗ್ಗೆ ಕೇಳಿದ್ನಲ್ಲ... ಇಷ್ಟ ಇಲ್ಲ, ಅಲ್ವಾ?"

"ಇಷ್ಟ ಇಲ್ಲ." ಈ ಸಲ ಅವಳು ತಡಮಾಡಲೇ ಇಲ್ಲ.