ಕತ್ತು ಬಗ್ಗಿಸುವ ಡೈನೋಸಾರ್

ಮೇದಿನಿ ಹಳೇ ಸೈಕಲ್ ಚೈನುಗಳಿಂದ ಡೈನೋಸಾರ್ ಮಾಡಿದ್ದಳು. ಹ್ಯಾಂಡಲ್ ತಿರುಗಿಸಿದರೆ ಹಲ್ಲುಚಕ್ರಗಳು ಸುತ್ತಿ, ಅದು ಕತ್ತು ಬಗ್ಗಿಸಿ ನಮಸ್ಕಾರ ಮಾಡುತ್ತಿತ್ತು. ಬಹುಮಾನ ಕೊಡಲು ಬರುವ ಮುಖ್ಯ ಅತಿಥಿಗಳು ಅದನ್ನೊಮ್ಮೆ ನೋಡಿಬಿಟ್ಟರೆ ಶಾಲೆಯ ವಿಜ್ಞಾನ ಮೇಳದ ಮೊದಲ ಬಹುಮಾನ ತನಗೇ ಎಂದು ಬೆಳಗಿನಿಂದ ಕುಣಿಯುತ್ತಿದ್ದಳು.

ಅತಿಥಿಗಳು ಬಂದು ಹ್ಯಾಂಡಲ್ ಹಿಡಿದರು. ಅವರ ಕೈ ಮೇಲೆ ಹೆಡ್‌ಮಾಸ್ಟರರ ಕೈ, ಅದರ ಮೇಲೆ ಉಳಿದ ಗಣ್ಯರ ಕೈ. ಎಲ್ಲರೂ ಕ್ಯಾಮೆರಾ ಕಡೆ ತಿರುಗಿ ಹಲ್ಲು ಬಿಟ್ಟರು.

"ತಿರುಗಿಸಿ ಸಾರ್!"

"ಇರಮ್ಮಾ, ಫೋಟೊ ಆಗ್ಲಿ."

ಫೋಟೊ ಆಯಿತು. ಎಲ್ಲರೂ ಕೈಬಿಟ್ಟು ಉಪ್ಪಿಟ್ಟಿನ ಕಡೆ ಹೊರಟರು.

"ಸಾರ್, ಒಂದೇ ಒಂದು ಸುತ್ತು..." ಮೇದಿನಿಗೆ ಅಳುವೇ ಬಂತು.

ಅತಿಥಿಗಳು ಹಿಂದಿರುಗಿ ಬೆನ್ನು ತಟ್ಟಿದರು.

"ಅಯ್ಯೋ, ಯಾಕಮ್ಮಾ ಅಳ್ತೀಯಾ? ಬೇರೆಯವರದ್ದೆಲ್ಲ ಅಲ್ಲಾಡಿ ಫೋಟೊ ಕೆಡಿಸಿದ್ವು. ನಿಂದೊಂದೇ ಕಲ್ಲಿನ ಹಾಗೆ ನಿಂತಿದ್ದು. ಮೊದಲ ಬಹುಮಾನ ನಿಂಗೇ!"