ಆರನೆಯ ಕಲ್ಲು

"ಏಳಕ್ಕೆ ಹೊರಟ್ರೆ ನಾಲ್ಕಕ್ಕೆ ವಾಪಸ್ ಬರಬಹುದಾ ತಾತ?" ಕಾಡಿನ ಜಲಪಾತ ನೋಡಲು ಬಂದಿದ್ದ ಐವರಲ್ಲಿ ಹಿರಿಯಳು ನನ್ನನ್ನು ಕೇಳಿದಳು.

"ಬರಬೌದು ಕಣವ್ವ. ಏರು ಎರಡು ಗಂಟೆ ಅಷ್ಟೇ. ಜಿಗಣೆಗೆ ಉಪ್ಪು ಇಟ್ಕೊಳ್ಳಿ. ಕಾಡಿಗೆ ಕಾಲಿಡೋ ಮುಂಚೆ ಆ ಮತ್ತಿಮರದ ಬುಡದಲ್ಲಿ ಆಳಿಗೊಂದು ಕಲ್ಲು ಇಟ್ಟು ಹೋಗಿ, ಬಂದಾಗ ಎತ್ತಿ ಬಿಸಾಕಿ. ಕಲ್ಲು ಇದ್ರೆ ಆಳು ಇನ್ನೂ ಒಳಗವ್ನೆ ಅಂತ, ಎತ್ತಿದ್ರೆ ಬಂದ ಅಂತ."

"ಹಾಜರಿ ಪುಸ್ತಕ ಅನ್ನಿ!" ಒಬ್ಬ ನಕ್ಕ.

ಮರುದಿನ ನಾಲ್ಕಾಯಿತು, ಐದಾಯಿತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೀದಿಯ ಕೊನೆಯವರೆಗೆ ನಾಲ್ಕು ಸಲ ಹೋಗಿ ಬಂದೆ. ಐದೂವರೆಗೆ ಐವರೂ ಒದ್ದೆ ಬಟ್ಟೆಯಲ್ಲೇ ನಗುತ್ತಾ ಬಂದರು. ನನ್ನ ತಂಗಿ ಮಾದಿ, ದಿನಾ ಹೋಗುವಂತೆ, ಆಗಲೇ ಮರದ ಕಡೆ ಹೋಗಿದ್ದಳು.

"ಕಲ್ಲು ಎತ್ತಿದ್ರಾ?"

"ಎತ್ತಿದ್ವಿ ತಾತ. ಆರು ಇತ್ತು. ನಾವೇ ಒಂದು ಹೆಚ್ಚಿಗೆ ಇಟ್ಟಿದ್ವೇನೋ ಅಂತ ಎಲ್ಲಾನೂ ಹೊಳೆಗೆ ಎಸೆದುಬಿಟ್ವಿ."

ನಾನು ಬಿರಬಿರನೆ ಮನೆಗೆ ನಡೆದೆ. ಅಷ್ಟರಲ್ಲಿ ಮಾದಿ ಬರಿದಾದ ಮರದ ಬುಡ ನೋಡಿ ಮರಳಿದ್ದಳು. ಹದಿನಾಲ್ಕು ವರ್ಷದ ಹಿಂದೆ ಜೇನು ಕೀಳಲು ಹೋಗಿ ಬಾರದ ಗಂಡನಿಗೆಂದು ಮಾದಿ ಒಳಗೆ ಎಲೆ ಹಾಕಿ, ಕಾಲಿಗೆ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು.