ಎದುರು ಮುಖದ ದೋಣಿ

ಆಟ ಬಿಡುವವರು ತಮ್ಮ ಮೈಗೆ ಗೊತ್ತಿದ್ದನ್ನು ಕಿರಿಯರಿಗೆ ದಾಟಿಸಿ ಹೋಗುವುದು ಈಗ ಎಲ್ಲ ಕಡೆಯೂ ವಾಡಿಕೆ. ರೋಯಿಂಗ್ ಚಾಂಪಿಯನ್ ಸುಗಂಧಿಯೂ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹಾಗೆಯೇ ಮಾಡಿದಳು. ಹುಟ್ಟು ಹಾಕುವ ವಿದ್ಯೆಯೆಲ್ಲ ಅವಳ ಮೈಯಿಂದ ಅಳಿಸಿಹೋಗಿ ಶಿಷ್ಯೆ ಯಕ್ಷಿತಾಳ ತೋಳಿಗೆ ಇಳಿಯಿತು. ಸುಗಂಧಿಗೆ ಪದಕಗಳ ನೆನಪು ಮಾತ್ರ ಉಳಿಯಿತು.

ಸಂಜೆ ಇಬ್ಬರೂ ಫಲ್ಗುಣಿ ನದಿಗೆ ಬಂದರು. ಈ ನೀರಿಗೆ ತಾನಿನ್ನು ಯಾರೂ ಅಲ್ಲವೇನೋ ಎಂಬ ಅಳುಕಿನಲ್ಲೇ ಸುಗಂಧಿ ಜೋಡಿ ದೋಣಿಗೆ ಇಳಿದು ಕುಳಿತಳು. ಯಕ್ಷಿತಾ ಕಿಸಕ್ಕನೆ ನಕ್ಕಳು.

“ಎಂತ ಅಕ್ಕ, ಉಲ್ಟಾ ಕೂತಿದ್ದೀರಿ! ಮುಂದೆ ನೋಡ್ಲಿಕ್ಕೆ ಇದು ಬಸ್ಸಾ? ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರ್ಬೇಕಲ್ವಾ?”

ಸುಗಂಧಿ ನಾಚಿಕೆಯಿಂದ ಏಳಲು ಹೊರಟು ತಲೆಯೆತ್ತಿದಳು. ದೂರದಲ್ಲಿ ಗೆಲುವಿನ ಗೆರೆಯ ಕಂಬ, ಅದರಾಚೆ ಅಗಲವಾಗುತ್ತ ಕಡಲಿಗೆ ಹೊರಟ ನದಿ. ಇಷ್ಟು ವರ್ಷ ಆ ಕಂಬದತ್ತಲೇ ಧಾವಿಸಿದ್ದಳು. ಅದು ಹತ್ತಿರ ಬರುವುದನ್ನು ಒಮ್ಮೆಯೂ ಕಂಡಿರಲಿಲ್ಲ.

“ಇವತ್ತು ನೀನೇ ಹುಟ್ಟು ಹಾಕು ಮಾರಾಯ್ತಿ. ನಾನು ಹೀಗೇ ಕೂತು ಬರ್ತೇನೆ. ನಾಳೆಯಿಂದ ನಂಗೆ ಕಲಿಸು. ಬೈಬೇಡ ಮತ್ತೆ.”

“ನೀವು ನಂಗೆ ಬೈದಷ್ಟು ಬೈಲಿಕ್ಕೆ ನಂಗೆ ಬರುದಿಲ್ಲ.”

ಯಕ್ಷಿತಾ ಅವಳಿಗೆ ಎದುರಾಗಿ ಕುಳಿತು ಹುಟ್ಟು ಎಳೆದಳು. ಕಂಬ ಹತ್ತಿರ ಬಂತು, ಪಕ್ಕದಲ್ಲೇ ಸರಿದು ಹೋಯಿತು. ಸುಗಂಧಿ ನಿಲ್ಲಿಸು ಎನ್ನಲಿಲ್ಲ.